ವಿಮಾನ ಸುರಕ್ಷತೆ: ಬೇಗ ಹರಡಿದ ಪಾಠ, ತಡವಾಗಿ ಮುಟ್ಟಿದ ಪಾಠ

ಅಮೆರಿಕದ ಎಂಐಟಿಯ ಪ್ರಾಧ್ಯಾಪಕ ಆರ್ನಲ್ಡ್ ಬಾರ್ನೆಟ್ ದಶಕಗಳಿಂದ ಒಂದೇ ಪ್ರಶ್ನೆಯ ಬೆನ್ನು ಹತ್ತಿದವರು. ಯಾವುದೋ ಒಂದು ವಿಮಾನ ಹತ್ತಿ ಕೂತರೆ ಜೀವ ಹೋಗುವ ಸಂಭವ ಎಷ್ಟು? 1968ರಿಂದ 1977ರ ಅವಧಿಗೆ ಅವರ ಲೆಕ್ಕ ಹೇಳುವ ಉತ್ತರ 3,50,000ಕ್ಕೆ ಒಂದು. 2018ರಿಂದ 2022ರ ಅವಧಿಗೆ ಅದು 1 ಕೋಟಿ 37 ಲಕ್ಷಕ್ಕೆ ಒಂದು. ಅರ್ಧ ಶತಮಾನದಲ್ಲಿ ಅಪಾಯ ಸುಮಾರು ನಲವತ್ತನೇ ಒಂದು ಪಾಲಿಗೆ ಇಳಿದಿದೆ. ಮನುಷ್ಯ ಮಾಡುವ ಅಪಾಯದ ಕೆಲಸಗಳಲ್ಲಿ ಇಷ್ಟು ದೂರ ಬಂದದ್ದು ಬಹಳ ಕಡಿಮೆ.

ಆದರೆ ಈ ಲೆಕ್ಕ ಎಲ್ಲ ದೇಶಗಳಿಗೂ ಒಂದೇ ಅಲ್ಲ. ಸುರಕ್ಷತೆಯ ಆಧಾರದ ಮೇಲೆ ಬಾರ್ನೆಟ್ ಜಗತ್ತನ್ನು ಮೂರು ಗುಂಪು ಮಾಡುತ್ತಾರೆ. ಭಾರತ ನಡುವಿನ ಗುಂಪಿನಲ್ಲಿದೆ. ವಿಮಾನಗಳು ಅವೇ, ತಯಾರಿಸುವ ಕಂಪನಿಗಳು ಅವೇ, ಪೈಲಟ್‌ಗಳು ಓದುವ ಕೈಪಿಡಿಗಳೂ ಹೆಚ್ಚುಕಡಿಮೆ ಅವೇ. ಹಾಗಿದ್ದೂ ವ್ಯತ್ಯಾಸ ಏಕೆ ಎಂದು ಹುಡುಕಿದರೆ ಅಪಘಾತಗಳ ಚರಿತ್ರೆಯನ್ನೇ ಓದಬೇಕಾಗುತ್ತದೆ.

ಮೊದಲು ಸೋತದ್ದು ಲೋಹ. ಬ್ರಿಟನ್ನಿನ ಕಾಮೆಟ್ 1952ರ ಮೇ 2ರಂದು ಪ್ರಯಾಣಿಕರನ್ನು ಹೊತ್ತು ಸೇವೆಗೆ ಇಳಿದ ಮೊದಲ ಜೆಟ್. ಸರಿಯಾಗಿ ವರ್ಷ ತುಂಬಿದ ದಿನ ಕಲ್ಕತ್ತಾದಿಂದ ಹೊರಟ ಕಾಮೆಟ್ ಒಂದು ಬಿರುಗಾಳಿಯಲ್ಲಿ ಚೂರಾಯಿತು. ಗಾಳಿಯ ಮೇಲೆ ತಪ್ಪು ಹೊರಿಸುವುದು ಸುಲಭವಿತ್ತು. 1954ರ ಜನವರಿಯಲ್ಲಿ ಎಲ್ಬಾ ದ್ವೀಪದ ಬಳಿ ಒಂದು, ಏಪ್ರಿಲ್‌ನಲ್ಲಿ ನೇಪಲ್ಸ್ ಹತ್ತಿರ ಮತ್ತೊಂದು ಸಮುದ್ರಕ್ಕೆ ಬಿದ್ದ ಮೇಲೆ ಆ ಸಮಾಧಾನ ಉಳಿಯಲಿಲ್ಲ. ಫಾರ್ನ್‌ಬರೋದ ಸಂಶೋಧಕರು ಒಂದು ಕಾಮೆಟ್‌ನ ಒಡಲನ್ನು ನೀರು ತುಂಬಿದ ದೊಡ್ಡ ತೊಟ್ಟಿಯಲ್ಲಿಟ್ಟು, ಹಾರಾಟದಲ್ಲಿ ಆಗುವಂತೆಯೇ ಒಳಗಿನ ಒತ್ತಡವನ್ನು ಸಾವಿರಾರು ಸಲ ಏರಿಸಿ ಇಳಿಸಿದರು. ಕೊನೆಗೆ ಒಡಲು ಬಿರಿಯಿತು. ಲೋಹಕ್ಕೂ ದಣಿವಿದೆ, ಕಿಟಕಿ ಬಾಗಿಲುಗಳ ಮೂಲೆಯಲ್ಲಿ ಆ ದಣಿವು ಸೇರಿಕೊಳ್ಳುತ್ತದೆ ಎಂಬುದು ಜೆಟ್ ಯುಗ ಕಲಿತ ಮೊದಲ ದೊಡ್ಡ ಪಾಠ. ಇದೇ ಕಾಮೆಟ್ ಅಪಘಾತಗಳ ಚರ್ಚೆಯೊಂದರಲ್ಲಿ ಕೂತಿದ್ದ ಮೆಲ್ಬರ್ನಿನ ವಿಜ್ಞಾನಿ ಡೇವಿಡ್ ವಾರನ್ ಅವರಿಗೆ, ಕಾಕ್‌ಪಿಟ್‌ನ ಮಾತುಗಳನ್ನೂ ಉಪಕರಣಗಳ ಅಂಕಿಗಳನ್ನೂ ದಾಖಲಿಸುವ ಪೆಟ್ಟಿಗೆಯೊಂದು ವಿಮಾನದಲ್ಲೇ ಇರಬೇಕು ಎಂದು ಹೊಳೆಯಿತು. ಅವರ ತಂದೆ 1934ರ ವಿಮಾನ ಅಪಘಾತವೊಂದರಲ್ಲಿ ತೀರಿಕೊಂಡಿದ್ದರು. ಆ ಸಾವಿನ ಕಾರಣ ತಿಳಿಯಲೇ ಇಲ್ಲ. ನಾವು ಈಗ ಬ್ಲ್ಯಾಕ್ ಬಾಕ್ಸ್ ಎನ್ನುವ ಕಿತ್ತಳೆ ಬಣ್ಣದ ಪೆಟ್ಟಿಗೆ ಹುಟ್ಟಿದ್ದು ಹೀಗೆ.

ಮುಂದಿನ ಪಾಠ ಡಿಕ್ಕಿಯದು. 1956ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 128 ಜನ ಸತ್ತರು. ಅಮೆರಿಕ ಎರಡೇ ವರ್ಷದಲ್ಲಿ ಹೊಸ ವಿಮಾನಯಾನ ಸಂಸ್ಥೆ ಕಟ್ಟಿ, ಆಕಾಶವನ್ನು ರೇಡಾರ್ ಕಣ್ಗಾವಲಿಗೆ ತರುವ ಕೆಲಸಕ್ಕೆ ಕೈಹಾಕಿತು.

ಜೆಟ್ ಎಂಜಿನ್ನುಗಳು ಗಟ್ಟಿಯಾಗುತ್ತ ಹೋದ ಹಾಗೆ ಬೇರೊಂದು ವಿಚಿತ್ರ ಕಾಣತೊಡಗಿತು. ಏನೂ ಕೆಡದ ವಿಮಾನಗಳು, ಹುಷಾರಾದ ಪೈಲಟ್‌ಗಳ ಕೈಯಲ್ಲೇ, ನೇರವಾಗಿ ಗುಡ್ಡಕ್ಕೆ ಹೋಗಿ ಬಡಿಯುತ್ತಿದ್ದವು. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಹತ್ತಿರ ಇಳಿಯಬೇಕಿದ್ದ ಟಿಡಬ್ಲ್ಯುಎ ವಿಮಾನ ಬೆಟ್ಟಕ್ಕೆ ಬಡಿದು 92 ಜನ ಸತ್ತದ್ದು ಇದೇ ರೀತಿ. ಕಂಟ್ರೋಲರ್ ಕೊಟ್ಟ ಅನುಮತಿಯನ್ನು ಪೈಲಟ್‌ಗಳು ಒಂದು ರೀತಿ ಅರ್ಥ ಮಾಡಿಕೊಂಡರು, ಕಂಟ್ರೋಲರ್ ಮನಸ್ಸಿನಲ್ಲಿದ್ದದ್ದು ಇನ್ನೊಂದು. ಈ ತನಿಖೆಯಲ್ಲಿ ಹೊರಬಂದ ಒಂದು ಸಂಗತಿಯನ್ನು ನಾನು ಇಡೀ ಚರಿತ್ರೆಯ ತಿರುವು ಎಂದು ನಂಬುತ್ತೇನೆ. ಅದಕ್ಕೆ ಕೆಲವೇ ವಾರ ಮೊದಲು ಬೇರೊಂದು ಕಂಪನಿಯ ವಿಮಾನ ಅದೇ ಜಾಗದಲ್ಲಿ ಅದೇ ತಪ್ಪು ಮಾಡಿ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳನ್ನು ಎಚ್ಚರಿಸಿತ್ತು, ಉಳಿದವರಿಗೆ ಸುದ್ದಿ ಮುಟ್ಟಲೇ ಇಲ್ಲ. ಅಂದರೆ ಆ 92 ಜನರನ್ನು ಉಳಿಸಬಲ್ಲ ತಿಳಿವಳಿಕೆ ಆಗಲೇ ಲೋಕದಲ್ಲಿತ್ತು. 1976ರಲ್ಲಿ ನಾಸಾ ಒಂದು ವ್ಯವಸ್ಥೆ ತೆರೆಯಿತು. ಪೈಲಟ್ ಇರಲಿ, ಕಂಟ್ರೋಲರ್ ಇರಲಿ, ತಾನು ಮಾಡಿದ ತಪ್ಪನ್ನು ಅಲ್ಲಿಗೆ ಬರೆದು ಕಳಿಸಬಹುದು. ಹೆಸರು ಗುಟ್ಟಾಗಿರುತ್ತದೆ, ಪಾಠ ಮಾತ್ರ ಎಲ್ಲರಿಗೂ ಹೋಗುತ್ತದೆ.

ಅದೇ ಅಪಘಾತದ ಇನ್ನೊಂದು ಫಲ, ನೆಲ ಹತ್ತಿರವಾದಾಗ ಕೂಗಿ ಎಚ್ಚರಿಸುವ ಉಪಕರಣ ಅಮೆರಿಕದಲ್ಲಿ ಕಡ್ಡಾಯವಾದದ್ದು. ಅದನ್ನು ರೂಪಿಸಿದ ಕೆನಡಾ ಮೂಲದ ಎಂಜಿನಿಯರ್ ಡಾನ್ ಬೇಟ್‌ಮನ್ ಮುಂದೆ 1990ರ ದಶಕದಲ್ಲಿ ಭೂಮಿಯ ಏರುತಗ್ಗುಗಳ ನಕ್ಷೆಯನ್ನೇ ಅದರೊಳಗೆ ತುಂಬಿದರು. ಈಗ ಮುಂದೆ ಬರಲಿರುವ ಗುಡ್ಡವನ್ನು ಕಾಣುವ ಮೊದಲೇ ಯಂತ್ರ ಎಚ್ಚರಿಸುತ್ತದೆ. ಈ ಒಬ್ಬ ಮನುಷ್ಯನ ಕೆಲಸ ಎಷ್ಟು ಸಾವಿರ ಜೀವ ಉಳಿಸಿದೆಯೋ! ಅವರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಇರಬೇಕಿತ್ತು.

ಆಕಾಶದ ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಕಥೆಯೂ ಹೀಗೆಯೇ. 1986ರಲ್ಲಿ ಕ್ಯಾಲಿಫೋರ್ನಿಯಾದ ಸೆರಿಟೋಸ್ ಮೇಲೆ ನಡೆದ ಡಿಕ್ಕಿ ಅಮೆರಿಕದಲ್ಲಿ ಅದನ್ನು ಕಡ್ಡಾಯ ಮಾಡಿಸಿತು. ನಮ್ಮಲ್ಲಿ ಅದಕ್ಕೆ 1996ರ ನವೆಂಬರ್ 12 ಬರಬೇಕಾಯಿತು. ಅಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿಯಾ ವಿಮಾನವೂ ಕಜಕಸ್ತಾನದ ವಿಮಾನವೂ ಡಿಕ್ಕಿಯಾಗಿ 349 ಮಂದಿ ಸತ್ತರು. ಆಕಾಶದಲ್ಲಿ ನಡೆದ ಡಿಕ್ಕಿಗಳಲ್ಲಿ ಇದಕ್ಕಿಂತ ದೊಡ್ಡದು ಇಂದಿಗೂ ಇಲ್ಲ. 2002ರಲ್ಲಿ ಜರ್ಮನಿಯ ಊಬರ್ಲಿಂಗೆನ್ ಮೇಲೆ ಟಿಕ್ಯಾಸ್ ಒಂದು ಹೇಳಿತು, ಕಂಟ್ರೋಲರ್ ಇನ್ನೊಂದು ಹೇಳಿದರು. ಒಂದು ವಿಮಾನದ ಪೈಲಟ್‌ಗಳು ಕಂಟ್ರೋಲರ್ ಮಾತು ಕೇಳಿದರು, 71 ಜನ ಸತ್ತರು. ಅಲ್ಲಿಂದ ಮುಂದೆ ಇಬ್ಬರ ಮಾತೂ ಬೇರೆಯಾದರೆ ಯಂತ್ರದ ಮಾತೇ ನಡೆಯಬೇಕು ಎಂಬುದನ್ನು ಎಲ್ಲೆಡೆ ಖಚಿತಪಡಿಸಲಾಯಿತು.

ಯಂತ್ರವಾಗಿ ಬಂದ ಪಾಠಗಳು ಬೇಗ ಹರಡಿದವು. ಕಾರ್ಖಾನೆಯಲ್ಲಿ ಅಳವಡಿಸಿದರೆ ಸಾಕು, ವಿಮಾನ ಹೋದ ದೇಶಕ್ಕೆಲ್ಲ ಅದೂ ಹೋಗುತ್ತದೆ. ಮನುಷ್ಯನ ನಡವಳಿಕೆಯಲ್ಲಿ ಬರಬೇಕಾದ ಪಾಠದ ದಾರಿ ಅಷ್ಟು ಸಲೀಸಲ್ಲ.

1977ರ ಮಾರ್ಚ್ 27ರಂದು ಟೆನೆರೀಫೆ ದ್ವೀಪದ ಮಂಜಿನಲ್ಲಿ ಕೆಎಲ್‌ಎಂ ಕ್ಯಾಪ್ಟನ್ ಅನುಮತಿ ಇಲ್ಲದೆ ಟೇಕಾಫ್‌ಗೆ ಓಡಿಸಿದಾಗ ಅದೇ ರನ್‌ವೇ ಮೇಲೆ ಪ್ಯಾನ್ ಆಮ್ ಜಂಬೋ ಇತ್ತು. ಆ ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಕೆಎಲ್‌ಎಂ ಫ್ಲೈಟ್ ಎಂಜಿನಿಯರ್ ಅನುಮಾನದಿಂದ ಕೇಳಿದ್ದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದ ಮೇಲೆ ಅವರು ಸುಮ್ಮನಾದರು. ಒಟ್ಟು 583 ಜನ ಸತ್ತರು. ವಿಮಾನಯಾನದ ಅತಿ ದೊಡ್ಡ ಅಪಘಾತದ ಬೇರಿನಲ್ಲಿ ಹಿರಿಯರ ಎದುರು ಬಾಯಿಬಿಡಲಾಗದ ಸಂಕೋಚವೂ ಇತ್ತು. 1979ರಲ್ಲಿ ನಾಸಾ ಕರೆದ ಕಾರ್ಯಾಗಾರದಿಂದ ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎಂಬ ತರಬೇತಿ ಬೆಳೆಯಿತು. ಕಿರಿಯರು ಹೇಳಬೇಕು, ಹಿರಿಯರು ಕೇಳಬೇಕು, ಇದೇ ಅದರ ಸಾರ.

ಮಂಗಳೂರಿಗೆ ಆ ಪಾಠ ಮೂವತ್ತು ವರ್ಷ ಕಳೆದರೂ ಪೂರ್ತಿ ಮುಟ್ಟಿರಲಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಹೋಗಿದ್ದರು. ಗೊರಕೆಯ ಸದ್ದು ಕಾಕ್‌ಪಿಟ್ ರೆಕಾರ್ಡರಿನಲ್ಲಿತ್ತು. ವಿಮಾನ ಬಹಳ ಎತ್ತರದಲ್ಲಿ ಬಂದಿತ್ತು. ಮತ್ತೆ ಮೇಲೇರೋಣ, ಗೋ ಅರೌಂಡ್ ಎಂದು ಸಹ ಪೈಲಟ್ ಮೂರು ಸಲ ಹೇಳಿದರು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಕೊನೆಯಲ್ಲಿ ಕಾಂಕ್ರೀಟಿನ ಮೇಲೆ ನಿಂತಿದ್ದ, ರನ್‌ವೇಯ ದಿಕ್ಕು ತೋರಿಸುವ ಲೋಕಲೈಜರ್ ಆಂಟೆನಾಕ್ಕೆ ರೆಕ್ಕೆ ಬಡಿದು ವಿಮಾನ ಕೆಂಜಾರಿನ ಕಣಿವೆಗೆ ಉರುಳಿತು. 158 ಜನ ಹೋದರು, ಎಂಟು ಜನ ಉಳಿದರು. ಗಲ್ಫಿನಿಂದ ಮನೆಗೆ ಹೊರಟ ಕರಾವಳಿಯ, ಕಾಸರಗೋಡಿನ ದುಡಿಯುವ ಜನ ಅವರಲ್ಲಿ ಬಹಳ ಇದ್ದರು.

ಏರ್ ಮಾರ್ಷಲ್ ಗೋಖಲೆ ನೇತೃತ್ವದ ತನಿಖೆ ಕ್ಯಾಪ್ಟನ್ ತಪ್ಪನ್ನು ಎತ್ತಿ ತೋರಿಸಿತು. ಅಷ್ಟಕ್ಕೇ ನಿಲ್ಲದೆ, ರನ್‌ವೇ ತುದಿಯಾಚೆ ಏನೇ ನಿಲ್ಲಿಸಿದರೂ ಅದು ತಗುಲಿದರೆ ಮುರಿದು ಬೀಳುವಂಥದ್ದಾಗಿರಬೇಕು ಎಂದೂ ಬರೆಯಿತು. ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು, ಕೋಯಿಕ್ಕೋಡಿನ ಗುಡ್ಡದ ನೆತ್ತಿಯ ಟೇಬಲ್‌ಟಾಪ್ ರನ್‌ವೇಯಲ್ಲಿ ಅದೇ ಕಂಪನಿಯ ವಿಮಾನ ಮಳೆಯಲ್ಲಿ ತಡವಾಗಿ ನೆಲ ಮುಟ್ಟಿ ಕೆಳಕ್ಕೆ ಉರುಳಿತು. ಇಬ್ಬರು ಪೈಲಟ್‌ಗಳೂ ಸೇರಿ 21 ಸಾವು. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಹಕ್ಕಿ ಬಡಿದ ಜೇಜು ಏರ್ ವಿಮಾನ ಚಕ್ರ ಬಿಡದೆ ಹೊಟ್ಟೆಯ ಮೇಲೆ ಜಾರುತ್ತ ಬಂದು, ಲೋಕಲೈಜರ್ ಆಂಟೆನಾ ಹೊತ್ತ ಕಾಂಕ್ರೀಟ್ ದಿಬ್ಬಕ್ಕೆ ಬಡಿಯಿತು. 181 ಜನರಲ್ಲಿ ಉಳಿದವರು ಇಬ್ಬರೇ. ಮಂಗಳೂರಿನ ವರದಿಯ ಆ ಸಾಲು ಬರೆದಾಗಿ ಹತ್ತು ವರ್ಷಕ್ಕೂ ಮೇಲಾಗಿತ್ತು.

ಬೆಂಗಳೂರಿನ ಪಾಠದ್ದೂ ಇದೇ ಗತಿ. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚಹೊಸ ಎ320 ಹಗಲು ಬೆಳಕಿನಲ್ಲೇ ಎಚ್‌ಎಎಲ್ ನಿಲ್ದಾಣದ ರನ್‌ವೇಗೆ ಮುಂಚೆ ಗಾಲ್ಫ್ ಮೈದಾನಕ್ಕೆ ಇಳಿಯಿತು. 146 ಜನರಲ್ಲಿ 92 ಮಂದಿ ಸತ್ತರು. ಸ್ವಯಂಚಾಲಿತ ವ್ಯವಸ್ಥೆ ಎಂಜಿನ್ನುಗಳನ್ನು ತೀರಾ ಕಡಿಮೆ ಬಲದಲ್ಲಿ ಇರಿಸುವ ಸ್ಥಿತಿಯಲ್ಲಿತ್ತು. ವೇಗ ಕುಸಿಯುತ್ತಿತ್ತು. ಪೈಲಟ್‌ಗಳ ಗಮನಕ್ಕೆ ಅದು ಬಂದಾಗ ಕಾಲ ಮೀರಿತ್ತು. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್ ಹತ್ತಿರ ಟರ್ಕಿಶ್ ಏರ್‌ಲೈನ್ಸ್, 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಷಿಯಾನಾ ವಿಮಾನಗಳೂ ಇಳಿಯುವಾಗ ವೇಗ ಕಳೆದುಕೊಂಡು ಬಿದ್ದವು. ಕಾರಣದ ವಿವರಗಳು ಬೇರೆ, ವಿಮಾನದ ಮಾದರಿಗಳು ಬೇರೆ. ಆದರೆ ಮೂರರಲ್ಲೂ ವೇಗವನ್ನು ಯಂತ್ರ ನೋಡಿಕೊಳ್ಳುತ್ತಿದೆ ಎಂದು ಮನುಷ್ಯರು ನೆಚ್ಚಿದ್ದರು.

ಯಂತ್ರ ಬುದ್ಧಿವಂತವಾದಷ್ಟೂ ಅದು ಕೈಬಿಡುವ ಗಳಿಗೆ ಭಯಂಕರ. 2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ 447ರ ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿ ಆಟೋಪೈಲಟ್ ಕಳಚಿಕೊಂಡಿತು. ಕತ್ತಲಲ್ಲಿ ಗಲಿಬಿಲಿಗೊಂಡ ಪೈಲಟ್ ಮೂತಿ ಎತ್ತುತ್ತಲೇ ಹೋದರು, 228 ಜನ ಸತ್ತರು. ಬೋಯಿಂಗ್ 737 ಮ್ಯಾಕ್ಸ್ ಪ್ರಕರಣಕ್ಕೆ ಮಾತ್ರ ನನ್ನಲ್ಲಿ ಕ್ಷಮೆಯಿಲ್ಲ. ಒಂದೇ ಒಂದು ಸೆನ್ಸರ್ ನಂಬಿ ಮೂತಿಯನ್ನು ಕೆಳಕ್ಕೆ ದೂಡುವ ಎಂಕ್ಯಾಸ್ ಎಂಬ ತಂತ್ರಾಂಶವನ್ನು ಅಳವಡಿಸಿ, ಅದರ ಸುದ್ದಿಯನ್ನೇ ಪೈಲಟ್‌ಗಳ ಕೈಪಿಡಿಯಲ್ಲಿ ಹೇಳಿರಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾದಲ್ಲಿ 189 ಜನ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ 157 ಜನ. ಮೊದಲನೆಯದರ ಬೆನ್ನಲ್ಲೇ ವಿಮಾನಗಳನ್ನು ನೆಲಕ್ಕಿಳಿಸಿದ್ದರೆ ಎರಡನೆಯದು ನಡೆಯುತ್ತಿರಲಿಲ್ಲ. ಕಾಮೆಟ್ ಕಾಲದಲ್ಲಿ ಕಲಿಯಲು ಇನ್ನೂ ತಿಳಿಯದ ವಿಜ್ಞಾನವಿತ್ತು. ಇಲ್ಲಿ ಎಲ್ಲವೂ ತಿಳಿದಿತ್ತು.

ಆದರೂ ಕಲಿತ ಪಾಠಗಳು ಫಲ ಕೊಟ್ಟಿವೆ. 2017ರಲ್ಲಿ ಪ್ರಯಾಣಿಕರ ಜೆಟ್‌ಗಳ ನಿಗದಿತ ಸೇವೆಯಲ್ಲಿ ಒಂದೂ ಸಾವಿರಲಿಲ್ಲ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ರನ್‌ವೇ ಮೇಲಿದ್ದ ಕರಾವಳಿ ಕಾವಲು ವಿಮಾನಕ್ಕೆ ಡಿಕ್ಕಿಯಾಗಿ ಹೊತ್ತಿ ಉರಿದ ಜಪಾನ್ ಏರ್‌ಲೈನ್ಸ್ ವಿಮಾನದಿಂದ 379 ಮಂದಿಯೂ ಹೊರಬಂದರು. ಚಿಕ್ಕ ವಿಮಾನದಲ್ಲಿದ್ದ ಐವರು ಮಾತ್ರ ಬದುಕಲಿಲ್ಲ. ಇದರ ಎದುರಿಗೆ ಯುದ್ಧದ ಲೆಕ್ಕವನ್ನೂ ಇಡಬೇಕು. 2014ರಲ್ಲಿ ಉಕ್ರೇನ್ ಮೇಲೆ ಎಂಎಚ್17ರ 298 ಜನ, 2020ರಲ್ಲಿ ಟೆಹರಾನ್ ಬಳಿ 176 ಜನ ಕ್ಷಿಪಣಿಗೆ ಸತ್ತರು. ಪೈಲಟ್‌ನ ಯಾವ ತರಬೇತಿಯೂ ಇದಕ್ಕೆ ಮದ್ದಲ್ಲ.

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ 171 ಬಿದ್ದು ನೆಲದ ಮೇಲಿದ್ದವರೂ ಸೇರಿ 260 ಜನ ಸತ್ತಾಗ, ಸಂಜೆಯೊಳಗೆ ಟಿವಿಗಳಲ್ಲಿ ತೀರ್ಪುಗಳು ಸಿದ್ಧವಾಗಿದ್ದವು. ಟೇಕಾಫ್ ಆದ ಕೂಡಲೇ ಎರಡೂ ಎಂಜಿನ್ನುಗಳ ಇಂಧನ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ ಕಟಾಫ್‌ಗೆ ಹೋದವು, ಏಕೆ ಬಂದ್ ಮಾಡಿದೆ ಎಂದು ಒಬ್ಬ ಪೈಲಟ್ ಕೇಳಿದರು, ಮಾಡಿಲ್ಲ ಎಂದು ಇನ್ನೊಬ್ಬರು ಹೇಳಿದರು. ಪ್ರಾಥಮಿಕ ವರದಿ ಅದಕ್ಕಿಂತ ಮುಂದೆ ಹೋಗಲಿಲ್ಲ. ಹೋಗದಿದ್ದದ್ದೇ ಸರಿ. ತನಿಖೆಯ ಗುರಿ ಮುಂದಿನ ಅಪಘಾತ ತಪ್ಪಿಸುವುದೇ ಹೊರತು ತಪ್ಪಿತಸ್ಥರನ್ನು ಹಿಡಿಯುವುದಲ್ಲ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದ 13ನೇ ಅನುಬಂಧ ಹೇಳುತ್ತದೆ, ಭಾರತವೂ ಅದಕ್ಕೆ ಬದ್ಧ.

ಅಮೆರಿಕದ ತನಿಖಾ ಮಂಡಳಿ ಎನ್‌ಟಿಎಸ್‌ಬಿ 1975ರಿಂದ ಸಾರಿಗೆ ಇಲಾಖೆಯ ಅಧೀನದಲ್ಲಿಲ್ಲ. ನಮ್ಮ ತನಿಖಾ ಸಂಸ್ಥೆ ಎಎಐಬಿ 2012ರಲ್ಲಿ ಹುಟ್ಟಿತು, ಅದಕ್ಕೆ ಮೊದಲು ಸಾಮಾನ್ಯವಾಗಿ ನಿಯಮ ಮಾಡುವ ಡಿಜಿಸಿಎಯೇ ತನಿಖೆಯನ್ನೂ ನಡೆಸುತ್ತಿತ್ತು. ಈಗ ಎರಡೂ ಬೇರೆ, ಆದರೆ ಎರಡರ ಮೇಲೂ ನಾಗರಿಕ ವಿಮಾನಯಾನ ಸಚಿವಾಲಯವೇ ಇದೆ. ಎನ್‌ಟಿಎಸ್‌ಬಿ ತಾನು ಮಾಡಿದ ಪ್ರತಿ ಶಿಫಾರಸಿಗೂ ಏನು ಉತ್ತರ ಬಂತು, ಜಾರಿಯಾಯಿತೇ, ಬಾಕಿ ಉಳಿಯಿತೇ ಎಂಬುದನ್ನು ಯಾರು ಬೇಕಾದರೂ ನೋಡುವಂತೆ ಇಟ್ಟಿರುತ್ತದೆ. ಮಂಗಳೂರು, ಕೋಯಿಕ್ಕೋಡು ವರದಿಗಳ ಶಿಫಾರಸುಗಳಿಗೂ, ಅಹಮದಾಬಾದ್ ತನಿಖೆಯಿಂದ ಬರುವ ಶಿಫಾರಸುಗಳಿಗೂ ಅಂಥದೊಂದು ಪಟ್ಟಿ ಬೇಕು. ಅದು ವರ್ಷಕ್ಕೊಮ್ಮೆ ಸಂಸತ್ತಿನ ಮುಂದೆ ಬರಬೇಕು, ಸತ್ತವರ ಮನೆಯವರ ಕೈಗೂ ಸಿಗಬೇಕು.