ಪೀಡೆನಾಶಕ ಸಿಂಪರಣೆಯಲ್ಲಿ ಉಸಿರಾಟ ರಕ್ಷಕ ಮುಖಕವಚ: ಆಯ್ಕೆ, ಬಳಕೆ ಮತ್ತು ನಿರ್ವಹಣೆ

ಪೀಡೆನಾಶಕಗಳು ಚರ್ಮ, ಬಾಯಿ ಹಾಗೂ ಉಸಿರಿನ ಮೂಲಕ ದೇಹವನ್ನು ಸೇರುತ್ತವೆ. ಸಿಂಪರಣೆಯ ವೇಳೆ ಮೂಗಿಗೆ ಟವೆಲ್ ಕಟ್ಟಿಕೊಳ್ಳುವ ರೂಢಿಯಿದೆ. ಆದರೆ ಬಟ್ಟೆಯು ಸೂಕ್ಷ್ಮ ಹನಿಗಳನ್ನು ಸಮರ್ಪಕವಾಗಿ ತಡೆಯುವುದಿಲ್ಲ. ಆವಿಯನ್ನಂತೂ ತಡೆಯುವುದೇ ಇಲ್ಲ. ಒದ್ದೆಯಾದ ಬಟ್ಟೆಯು ವಿಷವನ್ನು ಮೂಗಿನ ಬಳಿಯೇ ಹಿಡಿದಿಡುತ್ತದೆ. ಆದ್ದರಿಂದ ಸೂಕ್ತ ಮುಖಕವಚವನ್ನು (ರೆಸ್ಪಿರೇಟರ್) ಬಳಸುವುದು ಅವಶ್ಯಕ.

ಆಯ್ಕೆ

• ಪುಡಿ ರೂಪದ ಔಷಧಿ ಹಾಗೂ ಒಕ್ಕಣೆಯ ಧೂಳಿಗೆ ಎನ್95 ಅಥವಾ ಎಫ್‌ಎಫ್‌ಪಿ2 ದರ್ಜೆಯ ಮುಖಕವಚ ಸಾಕಾಗುತ್ತದೆ. ಇವು ಆವಿಯನ್ನು ತಡೆಯುವುದಿಲ್ಲ.
• ಆವಿಯಾಗುವ ದ್ರವ ಔಷಧಿಗಳಿಗೆ ಸಕ್ರಿಯ ಇದ್ದಿಲಿನ ಕಾರ್ಟ್ರಿಡ್ಜ್ ಮತ್ತು ಅದರ ಮೇಲೆ ಕಣ ಶೋಧಕವಿರುವ ಅರ್ಧ ಮುಖಕವಚವನ್ನು ಬಳಸಬೇಕು.
• ಔಷಧಿಯ ಲೇಬಲ್ಲಿನಲ್ಲಿರುವ ಸೂಚನೆಯೇ ಅಂತಿಮ.
• ಅಲ್ಯೂಮಿನಿಯಂ ಫಾಸ್ಫೈಡ್‌ನಿಂದ ಹೊರಡುವ ಫಾಸ್ಫೀನ್ ಅನಿಲಕ್ಕೆ ಸಿಂಪರಣೆಯ ಕಾರ್ಟ್ರಿಡ್ಜ್ ರಕ್ಷಣೆ ನೀಡುವುದಿಲ್ಲ. ಈ ಧೂಮೀಕರಣವನ್ನು ತರಬೇತಿ ಪಡೆದ ಪರವಾನಗಿದಾರರಿಂದಲೇ ಮಾಡಿಸಬೇಕು.

ಜೋಡಣೆ ಮತ್ತು ಧಾರಣೆ

1. ರಬ್ಬರ್, ಪಟ್ಟಿ ಹಾಗೂ ಕವಾಟಗಳಲ್ಲಿ ಬಿರುಕಿಲ್ಲವೆಂದು ಖಚಿತಪಡಿಸಿಕೊಂಡು, ಕಾರ್ಟ್ರಿಡ್ಜ್‌ಗಳನ್ನು ಬಿಗಿಯಾಗಿ ತಿರುಗಿಸಿ ಜೋಡಿಸಬೇಕು.
2. ಮೇಲಿನ ಪಟ್ಟಿಯನ್ನು ನೆತ್ತಿಯ ಹಿಂಭಾಗಕ್ಕೂ ಕೆಳಗಿನ ಪಟ್ಟಿಯನ್ನು ಕುತ್ತಿಗೆಯ ಹಿಂಭಾಗಕ್ಕೂ ಹಾಕಿಕೊಳ್ಳಬೇಕು.
3. ಕಾರ್ಟ್ರಿಡ್ಜ್‌ಗಳನ್ನು ಅಂಗೈಗಳಿಂದ ಮುಚ್ಚಿ ಮೆಲ್ಲನೆ ಉಸಿರೆಳೆದಾಗ ಕವಚವು ಮುಖಕ್ಕೆ ಅಂಟಿಕೊಳ್ಳಬೇಕು. ಉಸಿರು ಬಿಡುವ ಕವಾಟವನ್ನು ಮುಚ್ಚಿ ಉಸಿರು ಬಿಟ್ಟಾಗ ಅಂಚಿನಿಂದ ಗಾಳಿ ಸೋರಬಾರದು.
4. ಸೋರಿದರೆ ಪಟ್ಟಿಗಳನ್ನು ಸರಿಪಡಿಸಿ ಮತ್ತೆ ಪರೀಕ್ಷಿಸಬೇಕು. ಗಡ್ಡವಿದ್ದಲ್ಲಿ ಕವಚವು ಮುಖಕ್ಕೆ ಸರಿಯಾಗಿ ಕೂರುವುದಿಲ್ಲ.

ಬಳಕೆ

ಔಷಧಿಯ ಬಾಟಲಿಯನ್ನು ತೆರೆಯುವ ಮೊದಲೇ ಮುಖಕವಚ ಧರಿಸಬೇಕು. ದ್ರಾವಣ ತಯಾರಿಸುವಾಗ ಔಷಧಿಯು ಅತ್ಯಂತ ಸಾಂದ್ರವಾಗಿರುತ್ತದೆ. ಗಾಳಿಗೆ ಎದುರಾಗಿ ಸಿಂಪಡಿಸಬಾರದು. ಕವಚದೊಳಗೆ ಔಷಧಿಯ ವಾಸನೆ ಬಂದರೆ ಕೂಡಲೇ ಹೊಲದಿಂದ ಹೊರಬರಬೇಕು. ಕೈಗವಸು, ಕನ್ನಡಕ ಹಾಗೂ ಮೈತುಂಬ ಬಟ್ಟೆಯನ್ನೂ ಧರಿಸಬೇಕು. ಮುಖಕವಚವು ಅವುಗಳಿಗೆ ಬದಲಿಯಲ್ಲ.

ನಿರ್ವಹಣೆ

• ಕೈಗವಸುಗಳನ್ನು ತೊಳೆದು ಕಳಚಿದ ನಂತರವೇ ಮುಖಕವಚ ತೆಗೆಯಬೇಕು.
• ಕಾರ್ಟ್ರಿಡ್ಜ್ ಮತ್ತು ಶೋಧಕಗಳನ್ನು ಬೇರ್ಪಡಿಸಿ, ಕವಚವನ್ನು ಮಾತ್ರ ಸೋಪಿನ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಕಾರ್ಟ್ರಿಡ್ಜ್‌ಗೆ ನೀರು ತಾಗಿಸಬಾರದು.
• ಕಾರ್ಟ್ರಿಡ್ಜ್ ತೆರೆದಿಟ್ಟರೆ ಇದ್ದಿಲು ಬಳಸದಿದ್ದಾಗಲೂ ಗಾಳಿಯಲ್ಲಿನ ತೇವ ಮತ್ತು ಆವಿಯನ್ನು ಹೀರಿ ಕ್ಷೀಣಿಸುತ್ತದೆ. ಆದ್ದರಿಂದ ಗಾಳಿಯಾಡದ ಚೀಲದಲ್ಲಿ, ಔಷಧಿ ದಾಸ್ತಾನಿನಿಂದ ದೂರ ಇಡಬೇಕು.
• ವಾಸನೆ ಬಂದಾಗ, ಅವಧಿ ಮುಗಿದಾಗ ಅಥವಾ ತಯಾರಕರು ಸೂಚಿಸಿದ ಬಳಕೆಯ ಗಂಟೆಗಳು ಪೂರ್ಣಗೊಂಡಾಗ ಕಾರ್ಟ್ರಿಡ್ಜ್ ಬದಲಾಯಿಸಬೇಕು. ಬೇರೆ ಸೂಚನೆ ಇಲ್ಲದಿದ್ದರೆ ದಿನದ ಕೆಲಸದ ಕೊನೆಗೆ ಬದಲಾಯಿಸುವುದು ಸುರಕ್ಷಿತ. ಉಸಿರಾಡಲು ಕಷ್ಟವಾದರೆ ಕಣ ಶೋಧಕವನ್ನು ಬದಲಾಯಿಸಬೇಕು.

ಎಚ್ಚರಿಕೆ

ಈ ಮುಖಕವಚವು ಗಾಳಿಯನ್ನು ಶೋಧಿಸುತ್ತದೆಯೇ ಹೊರತು ಆಮ್ಲಜನಕವನ್ನು ಒದಗಿಸುವುದಿಲ್ಲ. ಇದನ್ನು ನಂಬಿ ಹಳೆಯ ಬಾವಿ, ಗೋಬರ್ ಗ್ಯಾಸ್ ಗುಂಡಿ ಅಥವಾ ರಸಮೇವಿನ ಗುಂಡಿಗೆ ಇಳಿಯಬಾರದು. ಒಳಗೆ ಬಿದ್ದವರನ್ನು ಎತ್ತಲು ಹೋದವರೂ ಪ್ರಾಣ ಕಳೆದುಕೊಳ್ಳಬಹುದು; ಕೂಡಲೇ 112ಕ್ಕೆ ಕರೆ ಮಾಡಬೇಕು.

ಸಿಂಪರಣೆಯ ವೇಳೆ ಅಥವಾ ನಂತರ ತಲೆಸುತ್ತು, ವಾಕರಿಕೆ, ಅತಿಯಾದ ಬೆವರು, ಮಂಜಾದ ದೃಷ್ಟಿ ಕಂಡುಬಂದಲ್ಲಿ ರೋಗಿಯನ್ನು ಔಷಧಿಯ ಲೇಬಲ್ ಸಹಿತ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.