15 ಕಿಲೋಮೀಟರ್ ಕತ್ತಲೆ | ಸ್ವಿಸ್ ಟ್ರಿಪ್ ಪ್ಲಾನಿಂಗ್, ಭಾಗ 3

(1/4)
ಹೋದ ಪೋಸ್ಟ್‌ನಲ್ಲಿ ವೀಸಾ ಪುರಾಣ ಆಯ್ತು, ಇವತ್ತು ರೂಟ್. ಜ್ಯೂರಿಕ್‌ನಲ್ಲಿರೋ ಅಕ್ಕ (ದೊಡ್ಡಮ್ಮನ ಮಗಳು) ರಜೆಗೆ ಬಾ ಅಂತ ಕರೆದಿದ್ದಾಳೆ. ಅವಳ ಲಿಸ್ಟಲ್ಲಿ ಹಿಮ, ಕೇಬಲ್ ಕಾರ್, ಚಾಕೊಲೇಟ್. ನನ್ನ ಲಿಸ್ಟಲ್ಲಿ ಮೊದಲನೇದು ಒಂದು ಹಳೇ ರೈಲು ಸುರಂಗ. "ಅಷ್ಟು ದುಡ್ಡು ಹಾಕಿ ಕತ್ತಲೆ ನೋಡೋಕೆ ಬರ್ತೀಯೇನೋ?" ಅಂದ್ಲು. ಅದಕ್ಕೇ ಈ ಪೋಸ್ಟ್.

ಸ್ವಿಟ್ಜರ್‌ಲೆಂಡ್‌ಗೆ ನಾಲ್ಕು ರಾಷ್ಟ್ರಭಾಷೆ. ಜರ್ಮನ್, ಫ್ರೆಂಚ್, ಇಟಾಲಿಯನ್‌ಗೆ 1848ರ ಸಂವಿಧಾನದಲ್ಲೇ ಜಾಗ ಸಿಕ್ತು. ರೊಮಾನ್ಶ್ ಮಾತ್ರ 1938ರ ಜನಮತದವರೆಗೆ ಕಾಯಬೇಕಾಯ್ತು. ಇಟಾಲಿಯನ್ ಮಾತಾಡೋ ಟಿಚಿನೊ ಸೀಮೆ ಶತಮಾನಗಳ ಕಾಲ ಉತ್ತರದ ಕ್ಯಾಂಟನ್‌ಗಳ ಕೈಕೆಳಗಿತ್ತು. 1803ರಲ್ಲಿ ತಾನೇ ಒಂದು ಕ್ಯಾಂಟನ್ ಆಯ್ತು. ಹಕ್ಕೇನೋ ಸಿಕ್ತು, ಆದ್ರೆ ದೇಶದ ಉಳಿದ ಭಾಗಕ್ಕೂ ಅದಕ್ಕೂ ನಡುವೆ ಗೊಟ್ಟಾರ್ಡ್ ಬೆಟ್ಟ ಅಡ್ಡ ನಿಂತಿತ್ತು. ಕಣಿವೆ ದಾರಿಯೇ 2,100 ಮೀಟರ್ ಎತ್ತರ, ಚಳಿಗಾಲದಲ್ಲಿ ಹಿಮದ ಮೇಲೆ ಜಾರುಬಂಡಿ.

(2/4)
ಬೆಟ್ಟ ಕೊರೆಯೋಕೆ ಇಟಲಿ, ಜರ್ಮನಿ, ಸ್ವಿಟ್ಜರ್‌ಲೆಂಡ್ ಮೂರೂ ಸೇರಿ ದುಡ್ಡು ಹಾಕಿದ್ವು. 1872ರಲ್ಲಿ ಗುತ್ತಿಗೆ ಹಿಡಿದವನು ಜಿನೀವಾ ಕಡೆಯ ಲೂಯಿ ಫಾವ್ರ್. ಬಿಕಾಂನವರು ಇಲ್ಲಿ ಸ್ವಲ್ಪ ನಿಲ್ಲಿ. ಪೈಪೋಟಿಗಿದ್ದ ಇಟಾಲಿಯನ್ ಕಂಪನಿಗಿಂತ ಕಡಿಮೆ ದರ, ಕಡಿಮೆ ಅವಧಿ ಬರೆದು ಗೆದ್ದ. ಎಂಟೇ ವರ್ಷ. ಬೇಗ ಮುಗಿಸಿದ್ರೆ ದಿನಕ್ಕೆ 5,000 ಫ್ರಾಂಕ್ ಬೋನಸ್, ತಡ ಆದ್ರೆ ದಿನಕ್ಕೆ ಅಷ್ಟೇ ದಂಡ. ಜೊತೆಗೆ 80 ಲಕ್ಷ ಫ್ರಾಂಕ್ ಠೇವಣಿ. ಕಾಂಟ್ರಾಕ್ಟ್ ಆಕ್ಟ್ ಪಾಠದಲ್ಲಿ ಇಂಥ ಷರತ್ತು ಎರಡು ಮಾರ್ಕಿನ ಪ್ರಶ್ನೆ. ಅಲ್ಲಿ ಅದರ ಭಾರ ಬಿದ್ದಿದ್ದು ಕೂಲಿಯವರ ಮೇಲೆ.

(3/4)
ಕೂಲಿಯವರಲ್ಲಿ ಹೆಚ್ಚಿನವರು ಇಟಲಿಯಿಂದ ಬಂದವರು. ಒಳಗೆ 30 ಡಿಗ್ರಿಗೂ ಮೀರಿದ ಸೆಕೆ, ಡೈನಮೈಟ್ ಹೊಗೆ, ಮೊಣಕಾಲುದ್ದ ನೀರು. ಸರಿಯಾದ ಶೌಚಾಲಯ ಇಲ್ಲದೆ ಕೊಕ್ಕೆಹುಳು ಹರಡಿ, ರಕ್ತವೇ ಇಲ್ಲದವರ ಹಾಗೆ ಬಿಳಚಿಕೊಂಡ್ರು. 1875ರ ಜುಲೈನಲ್ಲಿ ಗೋಶೆನೆನ್‌ನಲ್ಲಿ ಕೆಲಸ ನಿಲ್ಲಿಸಿದ್ರು. ಗಾಳಿ ಸರಿ ಮಾಡಿ, ಕೂಲಿ ಸರಿಯಾಗಿ ಕೊಡಿ, ಇಷ್ಟೇ ಕೇಳಿದ್ದು. ಊರಿ ಕ್ಯಾಂಟನ್ ಕಳಿಸಿದ ಪಡೆ ಗುಂಡು ಹಾರಿಸ್ತು. ನಾಲ್ಕು ಜನ ಸತ್ರು.

ಫಾವ್ರ್ ಕೂಡ ಉಳಿಯಲಿಲ್ಲ. 1879ರಲ್ಲಿ ಸುರಂಗದ ಒಳಗೇ ಕುಸಿದು ಸತ್ತ. 1880ರ ಫೆಬ್ರವರಿಯಲ್ಲಿ ಎರಡೂ ಕಡೆಯವರು ಕೊರೆದು ಸೇರಿದಾಗ, ಆ ತೂತಿನಲ್ಲಿ ಮೊದಲು ದಾಟಿಸಿದ್ದು ಅವನ ಚಿತ್ರವಿದ್ದ ಒಂದು ಡಬ್ಬಿ. (ಇದನ್ನ ಓದಿದಾಗ ಅವನ ಮೇಲಿನ ಸಿಟ್ಟು ಸ್ವಲ್ಪ ಇಳಿತು, ಪೂರ್ತಿ ಅಲ್ಲ.) 1882ರಲ್ಲಿ ರೈಲು ಓಡ್ತು. ಕೆಲಸದ ಅಪಘಾತದಲ್ಲಿ ಸತ್ತವರು ಸುಮಾರು 200. ಕಾಯಿಲೆ ಹತ್ತಿಸಿಕೊಂಡು ಊರಿಗೆ ಹೋಗಿ ಸತ್ತವರು ಆ ಲೆಕ್ಕದಲ್ಲಿಲ್ಲ.

ಟಿಚಿನೊದವನೇ ಆದ ಶಿಲ್ಪಿ ವಿಂಚೆಂಜೊ ವೇಲಾ, ಯಾರೂ ಕೇಳದಿದ್ರೂ ಸತ್ತ ಕೂಲಿಯವನನ್ನ ಜೊತೆಯವರು ಹೊತ್ತು ತರೋ ಶಿಲ್ಪ ಮಾಡಿದ. ಅದರ ಕಂಚಿನ ಪ್ರತಿ ಐರೋಲೊ ಸ್ಟೇಷನ್ ಹತ್ರ ನಿಂತಿದ್ದು 1932ರಲ್ಲಿ, ಅಂದ್ರೆ 50 ವರ್ಷ ಆದ್ಮೇಲೆ.

1970ರಲ್ಲಿ ವಿದೇಶಿಯರನ್ನ ಶೇ. 10ಕ್ಕೆ ಇಳಿಸಬೇಕು ಅನ್ನೋ ಪ್ರಸ್ತಾಪಕ್ಕೆ ಅಲ್ಲಿ ಮತದಾನ ನಡೀತು. ಆಗಲೂ ಭಯ ಪಟ್ಟವರಲ್ಲಿ ಇಟಾಲಿಯನ್ ಕೂಲಿಯವರೇ ಜಾಸ್ತಿ. ಶೇ. 54 ಜನ ಬೇಡ ಅಂದ್ರು. ಉಳಿದ 46?

(4/4)
ಸರಿ, ಪ್ಲಾನ್‌ಗೆ ಬರೋಣ. 2016ರಿಂದ ಬೆಟ್ಟದ ಬುಡದಲ್ಲೇ 57 ಕಿಮೀ ಹೊಸ ಸುರಂಗ ಇದೆ. ಫಾಸ್ಟ್ ರೈಲುಗಳು ಅದರಲ್ಲಿ ಹೋಗ್ತವೆ, ಐರೋಲೊ ಸಿಗೋದೇ ಇಲ್ಲ. ನಾವು ಹತ್ತೋದು ಹಳೇ ದಾರಿಯ ನಿಧಾನದ ರೈಲು, ಹೆಸರು 'ಟ್ರೆನೊ ಗೊಟ್ಟಾರ್ಡೊ'. ವಾಸೆನ್ ಊರಿನ ಚರ್ಚ್ ಮೂರು ಸಲ ಕಾಣುತ್ತೆ, ಪ್ರತಿ ಸಲ ಬೇರೆ ಎತ್ತರದಲ್ಲಿ, ಯಾಕಂದ್ರೆ ಹಳಿ ಬೆಟ್ಟದೊಳಗೆ ಸುತ್ತು ಹಾಕ್ತಾ ಏರುತ್ತೆ. ಗೋಶೆನೆನ್‌ನಲ್ಲಿ ಬೋರ್ಡು ಜರ್ಮನ್. ಆಮೇಲೆ 15 ಕಿಲೋಮೀಟರ್ ಕತ್ತಲೆ. ಹೊರಗೆ ಬಂದ್ರೆ ಐರೋಲೊ, ಬೋರ್ಡು ಇಟಾಲಿಯನ್.

ಇಷ್ಟೂ ಅಕ್ಕನಿಗೆ ವಾಯ್ಸ್ ನೋಟ್ ಮಾಡಿ ಕಳಿಸಿದೆ. ಅರ್ಧ ಗಂಟೆ ಉತ್ತರ ಇಲ್ಲ. ಆಮೇಲೆ ಮೆಸೇಜ್ ಬಂತು: "ಐರೋಲೊದಲ್ಲಿ ಇಳಿಯೋಣ. ಆದ್ರೆ ಕೇಬಲ್ ಕಾರ್ ಕ್ಯಾನ್ಸಲ್ ಇಲ್ಲ."

ಬಜೆಟ್ ಶೀಟ್ ಮುಂದಿನ ಭಾಗದಲ್ಲಿ.

#ಸ್ವಿಸ್‌ಟ್ರಿಪ್ #ಇತಿಹಾಸ #ಗೊಟ್ಟಾರ್ಡ್