ಚಾವಣಿ ಕೆಲಸದ ಮಾತುಗಳು: ನೀಲಗಿರಿಯಲ್ಲಿ ಅಂಗಡಿ, ಗೋದಾಮು ಕಟ್ಟಿಸುವವರಿಗೆ ಒಂದು ಪದಕೋಶ

ನೀಲಗಿರಿಯಲ್ಲಿ ಅಂಗಡಿಗೋ ಗೋದಾಮಿಗೋ ಚಾವಣಿ ಹಾಕಿಸುವ ನಮ್ಮವರು ಮೂರು ನಾಲ್ಕು ಭಾಷೆಗಳ ನಡುವೆ ವ್ಯವಹಾರ ಮಾಡಬೇಕು. ಉದಕಮಂಡಲದ ಮೇಸ್ತ್ರಿ ತಮಿಳಿನಲ್ಲಿ ಮಾತಾಡುತ್ತಾರೆ, ಗೂಡಲೂರಿನಲ್ಲಿ ಮಲಯಾಳವೂ ಸೇರುತ್ತದೆ, ಶೀಟ್ ಅಂಗಡಿಯ ಕೊಟೇಶನ್ ಇಂಗ್ಲಿಷಿನಲ್ಲಿರುತ್ತದೆ. ಅರ್ಥವಾಗದ ಪದಕ್ಕೆ ಹೂಂ ಅಂದರೆ ಅದರ ಬೆಲೆ ಮುಂದಿನ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಮತ್ತೆ ಮತ್ತೆ ಎದುರಾಗುವ ಪದಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ. ಕಾಸರಗೋಡು ಮೊದಲಾದ ಗಡಿ ಊರುಗಳ ಸದಸ್ಯರಿಗೂ ಇವು ಉಪಯೋಗಕ್ಕೆ ಬರುತ್ತವೆ.

ಮೊದಲು ಹವೆ

ಜಿಲ್ಲೆ ಒಂದೇ, ಹವೆ ಮೂರು. ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಚಳಿಗಾಲದ ಬೆಳಗ್ಗೆ ಹಿಮ ಕೂರುತ್ತದೆ. ಗೂಡಲೂರು, ದೇವಾಲ ಕಡೆ ಮುಂಗಾರಿನ ಜಡಿಮಳೆ. ಮಸಿನಗುಡಿ ಮಳೆನೆರಳಿನ ಒಣ ಸೀಮೆ, ಅಲ್ಲಿ ಬಿಸಿಲೇ ಚಿಂತೆ. ಉದಕಮಂಡಲದ ಹತ್ತಿರದ ಅವಲಾಂಚಿಯಲ್ಲಿ 2019ರ ಆಗಸ್ಟ್ ಎರಡನೆಯ ವಾರ ಒಂದೇ ದಿನ 800 ಮಿ.ಮೀ.ಗೂ ಹೆಚ್ಚು ಮಳೆ ಬಿತ್ತು. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಅಂಥ ದಿನ 100 ಚದರ ಮೀಟರ್ ಚಾವಣಿಯಿಂದ 80,000 ಲೀಟರ್ ಇಳಿಯಬೇಕು.

ಅಳತೆಯ ಪದಗಳು

ಚದರ: ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ಕಟ್ಟಡದವರ ಬಾಯಲ್ಲಿ ಒಂದು ಚದರ ಅಂದರೆ 100 ಚದರ ಅಡಿ. ದರ ಚದರಕ್ಕೋ, ಚದರ ಅಡಿಗೋ, ಚದರ ಮೀಟರಿಗೋ ಎಂದು ಬರೆಸಿಕೊಳ್ಳಿ. ಒಂದು ಚದರ ಮೀಟರ್ ಎಂದರೆ ಸುಮಾರು 10.76 ಚದರ ಅಡಿ.

ವಾಟ: ನೀರು ಹರಿಯಲು ಕೊಡುವ ಇಳಿಜಾರು. ತಮಿಳಿನಲ್ಲಿ ವಾಟ್ಟಂ. ಎರಡು ಅಡಿ ಅಡ್ಡಕ್ಕೆ ಒಂದು ಅಡಿ ಏರಿದರೆ ಸುಮಾರು 26.5 ಡಿಗ್ರಿ. ಹೆಂಚಿಗೆ ಇಂಥ ಕಡಿದಾದ ವಾಟ ಬೇಕು, ತಗಡಿಗೆ ಕಡಿಮೆ ಸಾಕು. ಈ ವಾಟದಲ್ಲಿ 1,000 ಚದರ ಅಡಿ ನೆಲದ ಮೇಲಿನ ಚಾವಣಿ ಸುಮಾರು 1,118 ಚದರ ಅಡಿ ಆಗುತ್ತದೆ. ಸೂರು ಹೊರಚಾಚಿದ್ದರೆ ಇನ್ನೂ ಹೆಚ್ಚು. ಬಿಲ್ಲು ನೆಲದ ಲೆಕ್ಕಕ್ಕಿಂತ ಜಾಸ್ತಿ ಬಂದ ಮಾತ್ರಕ್ಕೆ ಮೋಸವೆಂದಲ್ಲ.

ಗೇಜ್: ತಗಡಿನ ದಪ್ಪದ ಹಳೆಯ ಲೆಕ್ಕ. ಅಂಕಿ ಹೆಚ್ಚಾದಷ್ಟು ತಗಡು ತೆಳು. ಗೊಂದಲ ಬೇಡವೆಂದರೆ ದಪ್ಪವನ್ನು ಮಿ.ಮೀ.ನಲ್ಲೇ ಕೇಳಿ.

ಟಿಸಿಟಿ, ಬಿಎಂಟಿ: ಮೊದಲನೆಯದು ಲೇಪನ ಸೇರಿಸಿದ ಒಟ್ಟು ದಪ್ಪ, ಎರಡನೆಯದು ಒಳಗಿನ ಉಕ್ಕಿನ ದಪ್ಪ ಮಾತ್ರ. ‘0.50’ ಎಂದು ಬರೆದಿದ್ದರೆ ಅದು ಯಾವುದು ಎಂದು ಕೇಳಲೇಬೇಕು. ಎರಡು ಅಂಗಡಿಗಳ ದರದ ಅಂತರ ಹಲವು ಸಲ ಇಲ್ಲೇ ಅಡಗಿರುತ್ತದೆ.

ಕೆಳಗಿನ ಕಟ್ಟು

ತೊಲೆ: ಭಾರ ಹೊರುವ ದೊಡ್ಡ ಮರ. ತಮಿಳಿನಲ್ಲಿ ಉತ್ತರಂ. 1829ರಲ್ಲಿ ಅಡಿಗಲ್ಲು ಬಿದ್ದ ಉದಕಮಂಡಲದ ಸೇಂಟ್ ಸ್ಟೀಫನ್ಸ್ ಚರ್ಚಿನ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಬಂದವು ಎಂಬುದು ಪ್ರಸಿದ್ಧ.

ಪಕಾಸು: ನೆತ್ತಿಯಿಂದ ಸೂರಿನವರೆಗೆ ಓರೆಯಾಗಿ ಇಳಿಯುವ ಮರ. ಈ ಹೆಸರು ಕರಾವಳಿಯದು. ತಮಿಳಿನಲ್ಲಿ ಕೈಮರಂ, ಮಲಯಾಳದಲ್ಲಿ ಕಳುಕ್ಕೋಲ್. ನಮ್ಮ ಕನ್ನಡದಲ್ಲಿ ಕೈಮರ ಎಂದರೆ ದಾರಿ ತೋರಿಸುವ ಕಂಬ. ಮೇಸ್ತ್ರಿ ‘ಕೈಮರಂ ಮಾತ್ತಣುಂ’ ಅಂದರೆ ಅದಲ್ಲ, ಪಕಾಸು ಬದಲಿಸಬೇಕು ಎಂದರ್ಥ.

ರೀಪು: ಪಕಾಸಿನ ಮೇಲೆ ಅಡ್ಡ ಹೊಡೆಯುವ ಪಟ್ಟಿ, ಹೆಂಚು ಕೂರುವುದು ಇದರ ಮೇಲೆ. ಮಲಯಾಳದಲ್ಲಿ ಪಟ್ಟಿಕ.

ಟ್ರಸ್, ಪರ್ಲಿನ್: ಕಬ್ಬಿಣದ ಶೆಡ್ಡಿನಲ್ಲಿ ತ್ರಿಕೋನದ ಕಟ್ಟು ಟ್ರಸ್. ಅದರ ಮೇಲೆ ಅಡ್ಡ ಹಾಯುವುದು ಪರ್ಲಿನ್, ಶೀಟನ್ನು ಇದಕ್ಕೆ ಬಿಗಿಯುತ್ತಾರೆ. ಪರ್ಲಿನ್‌ಗಳ ನಡುವಿನ ಅಂತರ ಹೆಚ್ಚಿಸಿದರೆ ಕಬ್ಬಿಣ ಉಳಿಯುತ್ತದೆ, ಆದರೆ ಶೀಟು ಬಾಗುತ್ತದೆ.

ಹೊದಿಕೆ

ಹೆಂಚು: ತಮಿಳು, ಮಲಯಾಳ ಎರಡರಲ್ಲೂ ಓಡು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಕಾರ್ಖಾನೆ ತೆರೆದ ಮೇಲೆ ‘ಮಂಗಳೂರು ಹೆಂಚು’ ಎಂಬ ಹೆಸರೇ ನಿಂತಿತು. ಇದರ ಗುಣಮಟ್ಟಕ್ಕೆ ಐಎಸ್ 654 ಎಂಬ ಮಾನದಂಡವಿದೆ. ಹಳೆಯ ಹೆಂಚು ತೆಗೆದು ತಗಡು ಹಾಕಿಸುವವರು ಒಂದು ಮಾತು ನೆನಪಿಡಬೇಕು: ಹೆಂಚು ತನ್ನ ಭಾರದಿಂದಲೇ ಕೂರುತ್ತದೆ, ತಗಡು ಹಗುರ, ಗಾಳಿಗೆ ಏಳುತ್ತದೆ. ಅಂಚು ಮತ್ತು ಮೂಲೆಗಳಲ್ಲಿ ಸ್ಕ್ರೂ ಹತ್ತಿರ ಹತ್ತಿರ ಇರಬೇಕು.

ಜಿಐ ಶೀಟ್: ಸತುವಿನ ಲೇಪನದ ಉಕ್ಕು.

ಗಾಲ್ವಲ್ಯೂಮ್: ಸುಮಾರು 55 ಪಾಲು ಅಲ್ಯೂಮಿನಿಯಂ, ಉಳಿದದ್ದು ಹೆಚ್ಚಾಗಿ ಸತು ಇರುವ ಲೇಪನದ ಉಕ್ಕು. ‘ಎಝಡ್ 150’ ಅಂದರೆ ಚದರ ಮೀಟರಿಗೆ ಎರಡೂ ಬದಿ ಸೇರಿ 150 ಗ್ರಾಂ ಲೇಪನ. ಹಸಿ ಸಿಮೆಂಟ್ ತಾಗಿದರೆ ಈ ಲೇಪನ ಕೆಡುತ್ತದೆ.

ಸಿಮೆಂಟ್ ಶೀಟ್: ಹಳೆಯವುಗಳಲ್ಲಿ ಸಾಮಾನ್ಯವಾಗಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಅದರ ಧೂಳು ಕ್ಯಾನ್ಸರಿಗೆ ಕಾರಣ, ಒಡೆಯಬೇಡಿ, ಕೊರೆಯಬೇಡಿ. ಹಳೆಯ ಶೀಟು ಕಾಲಿಟ್ಟರೆ ಮುರಿಯುತ್ತದೆ. ಅಡ್ಡ ಹಲಗೆಯೂ ಸುರಕ್ಷತಾ ಬೆಲ್ಟೂ ಇಲ್ಲದೆ ಯಾರನ್ನೂ ಮೇಲೆ ಹತ್ತಿಸಬೇಡಿ.

ಪಫ್ ಪ್ಯಾನಲ್: ಎರಡು ತಗಡಿನ ನಡುವೆ ಪಾಲಿಯುರೆಥೇನ್ ನೊರೆ ತುಂಬಿದ ಹಲಗೆ. ಮಸಿನಗುಡಿಯಲ್ಲಿ ಬಿಸಿಲನ್ನೂ ಉದಕಮಂಡಲದಲ್ಲಿ ಚಳಿಯನ್ನೂ ತಡೆಯುತ್ತದೆ. ಬರೀ ತಗಡಿನ ಒಳಬದಿ ಚಳಿಯ ಬೆಳಗ್ಗೆ ಬೆವರಿ ತೊಟ್ಟಿಕ್ಕುತ್ತದೆ. ಇದಕ್ಕೆ ಕಂಡೆನ್ಸೇಷನ್ ಎನ್ನುತ್ತಾರೆ. ಮಳೆಯಿಲ್ಲದ ದಿನ ತೊಟ್ಟಿಕ್ಕಿದರೆ ತೂತು ಹುಡುಕುವ ಮೊದಲು ಇದನ್ನು ನೋಡಿ.

ನೀರು ನುಗ್ಗುವ ಜಾಗಗಳು

ಓವರ್‌ಲ್ಯಾಪ್: ಒಂದು ಶೀಟಿನ ಮೇಲೆ ಇನ್ನೊಂದು ಹಾಯುವ ಭಾಗ. ಉದ್ದದ ಜೋಡಣೆಯಲ್ಲಿ ಸಾಮಾನ್ಯವಾಗಿ 150 ಮಿ.ಮೀ., ವಾಟ ಕಡಿಮೆಯಾದರೆ ಇನ್ನೂ ಹೆಚ್ಚು ಬೇಕು.

ರಿಡ್ಜ್ ಕ್ಯಾಪ್: ನೆತ್ತಿಯ ಮುಚ್ಚಳ.

ಫ್ಲ್ಯಾಶಿಂಗ್: ಚಾವಣಿ ಗೋಡೆಗೆ ತಾಗುವಲ್ಲಿ, ಹೊಗೆಗೂಡಿನ ಸುತ್ತ ಮಡಿಸಿ ಕೂರಿಸುವ ತಗಡಿನ ಪಟ್ಟಿ. ಇದನ್ನು ಬಿಟ್ಟು ಸಿಮೆಂಟ್ ಮೆತ್ತಿದರೆ ಬಿಸಿಲು ಚಳಿಗೆ ಬಿರುಕು ಬಿಡುತ್ತದೆ.

ಸ್ಕ್ರೂ, ವಾಷರ್: ಚಾವಣಿಯಲ್ಲಿ ಸ್ಕ್ರೂವನ್ನು ಶೀಟಿನ ಉಬ್ಬಿನ ಮೇಲೆ ಹಾಕುವುದು ಲೇಸು, ತಗ್ಗಿನಲ್ಲಿ ನೀರು ಹರಿಯುತ್ತದೆ. ವಾಷರ್ ಇಪಿಡಿಎಂ ರಬ್ಬರಿನದಾಗಿರಲಿ.

ದೋಣಿ: ಸೂರಿನ ನೀರು ಹಿಡಿಯುವ ಗಟರ್. ಮಲೆನಾಡಿನ ದಂಬೆಯ ಕೆಲಸವನ್ನೇ ಇದು ಮಾಡುತ್ತದೆ. ಮರದ ಎಲೆ ತುಂಬಿದರೆ ನೀರು ಒಳಗೆ ಉಕ್ಕುತ್ತದೆ, ಮೇ ತಿಂಗಳಲ್ಲೇ ಶುಚಿ ಮಾಡಿಸಿ.

ಸಹಿ ಹಾಕುವ ಮುನ್ನ

ಪದ ಯಾವ ಭಾಷೆಯದಾದರೂ ಅದರ ಹಿಂದಿನ ಅಂಕಿ ಕೇಳಿ. ಉಕ್ಕಿನ ದಪ್ಪ ಎಷ್ಟು? ಲೇಪನ ಎಷ್ಟು ಗ್ರಾಂ? ವಾಟ ಎಷ್ಟು? ಪರ್ಲಿನ್ ಅಂತರ, ಓವರ್‌ಲ್ಯಾಪ್ ಎಷ್ಟು? ರಿಡ್ಜ್ ಕ್ಯಾಪ್, ಫ್ಲ್ಯಾಶಿಂಗ್, ದೋಣಿ ದರದಲ್ಲಿ ಸೇರಿವೆಯೇ? ಈ ಉತ್ತರಗಳು ಕಾಗದದ ಮೇಲೆ ಬಂದರೆ ಮೇಸ್ತ್ರಿಗೂ ಮಾಲೀಕರಿಗೂ ಜಗಳವಿಲ್ಲ.

ತಮ್ಮ ಊರಿನಲ್ಲಿ ಬಳಕೆಯಲ್ಲಿರುವ ಬೇರೆ ಪದಗಳಿದ್ದರೆ ಸದಸ್ಯ ಬಂಧುಗಳು ಬರೆದು ಕಳುಹಿಸಬೇಕಾಗಿ ಕೋರುತ್ತೇವೆ. ಈ ಪಟ್ಟಿಗೆ ಸೇರಿಸುತ್ತೇವೆ.